ಹಸಿ ಕಾರಿನ ಮೇಲೆ ವಿಭೂತಿ

ಒಣ ಬಟ್ಟೆಯಲ್ಲಿ ಕಾರು ಒರೆಸುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಬೆಳಗಾದರೆ ಸಾಕು, ಒಬ್ಬರಲ್ಲ ಒಬ್ಬರು ಹಳದಿ ಬಟ್ಟೆ ಹಿಡಿದು ಬಾನೆಟ್ಟಿನ ಮೇಲಿನ ಧೂಳನ್ನು ಗಸಗಸ ಉಜ್ಜುತ್ತಿರುತ್ತಾರೆ. ಧೂಳೆಂದರೆ ಸಣ್ಣ ಮರಳಲ್ಲವೆ, ಮರಳಿನಿಂದ ತಿಕ್ಕಿದರೆ ಬಣ್ಣ ಉಳಿದೀತೆ ಎಂದು ಕೇಳಬೇಕೆನಿಸುತ್ತದೆ. ಒಂದೆರಡು ಸಲ ಕೇಳಿಯೂ ಇದ್ದೇನೆ. ಅದಕ್ಕೇ ಇರಬೇಕು, ಲಿಫ್ಟಿನಲ್ಲಿ ಕೆಲವರು ನನ್ನನ್ನು ಕಂಡೊಡನೆ ಮೊಬೈಲಿನಲ್ಲಿ ಮುಖ ಹುದುಗಿಸುತ್ತಾರೆ. ಹುದುಗಿಸಲಿ. ಮಂಡಿ ನೋವಿದ್ದರೂ ನನ್ನ ಕಾರನ್ನು ನಾನೇ ತೊಳೆಯುತ್ತೇನೆ, ಬಿಸಿಲೇರುವ ಮುಂಚೆ, ನೆರಳಿನಲ್ಲಿ, ಅಪ್ಪ ತೊಳೆಯುತ್ತಿದ್ದ ಹಾಗೆಯೇ. ಗಂಡ ಇದನ್ನು ನನ್ನ ಭಾನುವಾರದ ಪೂಜೆ ಎಂದು ಹಾಸ್ಯ ಮಾಡುತ್ತಾರೆ. ಅವರು ಹೇಳುವುದು ಪೂರ್ತಿ ಸುಳ್ಳೇನಲ್ಲ.

ಅಪ್ಪ ಬ್ಯಾಂಕಿನ ಅಧಿಕಾರಿ. ಗದಗಿನವರು, ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದಿದ್ದರು. ಎಂವಿಪಿ ಕಾಲೋನಿಯಲ್ಲಿ ನಮ್ಮದು ನೆಲಮಹಡಿಯ ಬಾಡಿಗೆ ಮನೆ. ಮುಂದೊಂದು ಪುಟ್ಟ ಪೋರ್ಟಿಕೊ, ಅದರಲ್ಲಿ ಕಾರಿನ ಮುಕ್ಕಾಲು ಪಾಲು ಹಿಡಿಸುತ್ತಿತ್ತು, ಹಿಂಭಾಗ ಬಿಸಿಲಿನಲ್ಲಿ ಉಳಿಯುತ್ತಿತ್ತು. ಕಾರು ಹೊಸದಲ್ಲ. ಅನಕಾಪಲ್ಲಿಯ ಬೆಲ್ಲದ ವ್ಯಾಪಾರಿಯೊಬ್ಬರ ಬಳಿ ಇದ್ದದ್ದು. ಬಂದ ಮೊದಮೊದಲು ಒಳಗೆಲ್ಲ ಬೆಲ್ಲದ ವಾಸನೆ, ಬಾಗಿಲ ಸಂದಿಯಲ್ಲಿ ಇರುವೆಗಳ ಸಾಲು. ಅವ್ವ ಅರಿಸಿನ ಉದುರಿಸಿ ಇರುವೆ ಓಡಿಸಿದಳು, ಬೆಲ್ಲದ ವಾಸನೆ ಮಾತ್ರ ಬಹುಕಾಲ ಹೋಗಲಿಲ್ಲ. ಆದರೆ ಅದರ ಬಣ್ಣವೊಂದನ್ನು ನೋಡಬೇಕಿತ್ತು. ಕಡು ನೀಲಿ, ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದಾದಷ್ಟು ನುಣುಪು. ಅಪ್ಪ ಆ ಕಾರನ್ನು ಕೊಂಡದ್ದು ಓಡಿಸಲಿಕ್ಕೋ ನೋಡಲಿಕ್ಕೋ ಎಂದು ಅವ್ವ ಕೇಳುತ್ತಿದ್ದಳು, ಏಕೆಂದರೆ ಬ್ಯಾಂಕಿಗೆ ಅವರು ಸ್ಕೂಟರಿನಲ್ಲೇ ಹೋಗುತ್ತಿದ್ದರು.

ಆ ಊರು ಕಾರಿನ ಬಣ್ಣಕ್ಕೆ ಒಳ್ಳೆಯದಾಗಿರಲಿಲ್ಲ. ಸಮುದ್ರದ ಗಾಳಿ ಕಿಟಕಿಯ ಸರಳುಗಳನ್ನೇ ತಿನ್ನುತ್ತಿತ್ತು. ಬಂದರಿನ ಕಡೆಯಿಂದ ಗಾಳಿ ಬೀಸಿದ ದಿನ ಅದಿರಿನ ಕೆಂಪು ಧೂಳು ಎಲ್ಲದರ ಮೇಲೂ ಕೂರುತ್ತಿತ್ತು, ಒಗೆದು ಹರವಿದ ಬಿಳಿ ಅಂಗಿಯ ಮೇಲೂ. ಹೀಗಾಗಿ ಅಪ್ಪ ಭಾನುವಾರ ನಸುಕಿನಲ್ಲೇ ಏಳುತ್ತಿದ್ದರು. ಮೊದಲು ಮುಟ್ಟದೆ ಬರೀ ನೀರು, ಚೊಂಬಿನಿಂದ, ನೆತ್ತಿಯಿಂದ ಕೆಳಕ್ಕೆ, ಮಗುವಿಗೆ ಎರೆದ ಹಾಗೆ. ಮರಳೆಲ್ಲ ತಾನಾಗಿ ಇಳಿದು ಹೋದ ಮೇಲೆಯೇ ಬಟ್ಟೆ. ಬಟ್ಟೆ ಅಂದರೆ ಅವ್ವನ ಹಳೆಯ ನೂಲಿನ ಸೀರೆ, ಅದರಲ್ಲೂ ಅಂಚು ಕತ್ತರಿಸಿದ್ದು, ಅಂಚಿನ ಜರಿ ಗೀರುತ್ತದೆಂದು. ಬಟ್ಟೆ ಒಗೆಯುವ ಸಾಬೂನು ಹತ್ತಿರ ಬರುವಂತಿರಲಿಲ್ಲ, ಒಂದು ಪ್ಯಾಕೆಟ್ ಶಾಂಪೂ ಬಕೆಟ್ಟಿಗೆ. ಇನ್ನೊಂದು ಬಕೆಟ್ಟಿನಲ್ಲಿ ಬರೀ ನೀರು, ಅದರಲ್ಲಿ ಬಟ್ಟೆಯ ಕೊಳೆ ಜಾಲಿಸಿಕೊಂಡೇ ಮತ್ತೆ ಶಾಂಪೂ ನೀರಿಗೆ ಅದ್ದುವುದು. ಗಾಲಿಗಳಿಗೆ ಬೇರೆ ಬಟ್ಟೆ, ಅದೂ ಕೊನೆಗೆ. ಕಾಗೆಯ ಹಿಕ್ಕೆ ಇದ್ದರೆ ಕೆರೆಯದೆ ಒದ್ದೆ ಬಟ್ಟೆ ಹೊದಿಸಿ ನೆನೆಯಲು ಬಿಡಬೇಕು. ಬಿಸಿಲಿನಲ್ಲಿ ಕಾದ ಕಾರಿಗೆ ನೀರು ಹಾಕಲೇಬಾರದು, ಕಲೆ ಕೂರುತ್ತದೆ. ಕೈಯಿಂದ ಬಟ್ಟೆ ನೆಲಕ್ಕೆ ಬಿತ್ತೋ, ಅವತ್ತಿಗೆ ಅದು ಕಾರಿಗೆ ಸಲ್ಲದು. ಈ ಕೊನೆಯ ನಿಯಮ ಕೇಳಿ ಅಪ್ಪನ ತಾಯಿ, ನಮ್ಮ ಆಯಿ, ನಕ್ಕಿದ್ದಳು.

"ನಮ್ಮ ಮಡಿಗಿಂತ ನಿನ್ನ ಮಡಿ ಜೋರೈತಲ್ಲೋ."

ಇದೆಲ್ಲ ಸರಿ, ಜಗಳವಾಗುತ್ತಿದ್ದದ್ದು ನೀರಿಗೆ. ಹಿತ್ತಲಿನ ಬಾವಿಯ ನೀರು ಉಪ್ಪು. ಅದರಲ್ಲಿ ತೊಳೆದರೆ ಒಣಗಿದ ಮೇಲೆ ಬಿಳಿ ಚುಕ್ಕೆಗಳು. ಆದ್ದರಿಂದ ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ಬರುತ್ತಿದ್ದ ನಳದ ಸಿಹಿನೀರೇ ಕಾರಿಗೆ ಬೇಕು. ಅವ್ವ ಕೊಡ ಹಿಡಿದು ನಳದ ಮುಂದೆ ನಿಂತರೆ ಅಪ್ಪ ಬಕೆಟ್ ಹಿಡಿದು ಅವಳ ಹಿಂದೆ ನಿಲ್ಲುತ್ತಿದ್ದರು.

"ಮನಷಾರು ಉಪ್ಪ ನೀರಾಗ ಜಳಕ ಮಾಡ್ಬೇಕು, ನಿಮ್ಮ ಕಾರಿಗೆ ಸೀ ನೀರ ಬೇಕು. ಹೊರಗ ಹೇಳಬ್ಯಾಡ್ರಿ, ನಕ್ಕಾರು."

"ಮನಷಾರು ತುಕ್ಕ ಹಿಡ್ಯೂದಿಲ್ಲ ಬಿಡು."

ಇದಕ್ಕೆ ಅವ್ವ ಏನನ್ನುತ್ತಿದ್ದಳೆಂದು ಬರೆಯಲಾರೆ. ಒಟ್ಟಿನಲ್ಲಿ ನಮ್ಮ ಮನೆಯಲ್ಲಿ ಭಾನುವಾರದ ಉಪ್ಪಿಟ್ಟು ಯಾವಾಗಲೂ ಸ್ವಲ್ಪ ಸಿಟ್ಟಿನಲ್ಲೇ ಬೇಯುತ್ತಿತ್ತು.

ಆಯಿ ನಮ್ಮಲ್ಲಿಗೆ ಬಂದದ್ದು ಕಾರು ಬಂದ ವರ್ಷವೇ. ಗದಗಿನಲ್ಲಿ ಅಜ್ಜನದೊಂದು ಹಿಟ್ಟಿನ ಗಿರಣಿ ಇತ್ತು. ಅಜ್ಜ ತೀರಿದ ಮೇಲೆ ಅದನ್ನು ಅಪ್ಪನ ತಮ್ಮ, ನಮ್ಮ ಕಾಕಾ, ನಡೆಸುತ್ತಿದ್ದರು, ಆಯಿ ಅವರ ಜೊತೆಗಿದ್ದಳು. ಒಂದು ದಿನ ಗಿರಣಿಯ ಸದ್ದು ಬೇರೆಯಾಗಿ ಕೇಳಿಸುತ್ತಿದೆ, ಬೆಲ್ಟು ನೋಡು ಎಂದು ಆಯಿ ಹೇಳಿದ್ದಕ್ಕೆ ಕಾಕಾ ಗಿರಾಕಿಗಳ ಎದುರಿಗೆ "ನಿನಗೇನ ತಿಳಿತೈತಿ, ಒಳಗ ನಡಿ" ಎಂದರಂತೆ. ಅಷ್ಟೇ. ಆಯಿ ಒಳಗೆ ಹೋಗಿ ತನ್ನ ಕಬ್ಬಿಣದ ಟ್ರಂಕು ತುಂಬಿದಳು. ಕಾಕಾ ಕಾಲಿಗೆ ಬಿದ್ದರೂ ನಿಲ್ಲಲಿಲ್ಲ. ಒಂದು ಮಾತಿಗೆ ಮನೆ ಬಿಟ್ಟವಳು ಎಂದು ನಮ್ಮ ಬಳಗದಲ್ಲಿ ಅವಳಿಗೆ ಹೆಸರೇ ಆಗಿತ್ತು, ಆ ಹೆಸರಿನ ಬಗ್ಗೆ ಅವಳಿಗೆ ಸ್ವಲ್ಪ ಹೆಮ್ಮೆಯೂ ಇತ್ತೆಂದು ಕಾಣುತ್ತದೆ.

ಅವ್ವ ಕಪಾಟಿನ ಕೆಳಗಿನ ಎರಡು ಖಾನೆ ಖಾಲಿ ಮಾಡಿ ಆಯಿಗೆ ಕೊಟ್ಟಳು. ಆಯಿ ಅದರಲ್ಲಿ ಏನನ್ನೂ ಇಡಲಿಲ್ಲ. ದಿನಾ ಟ್ರಂಕು ಎಳೆದು, ಬೀಗ ತೆಗೆದು, ಒಂದು ಸೀರೆ ತೆಗೆದುಕೊಂಡು, ಮತ್ತೆ ಬೀಗ ಹಾಕಿ ಮಂಚದ ಕೆಳಗೆ ತಳ್ಳುತ್ತಿದ್ದಳು. ನನಗೋ ಆಯಿ ಬೇಕಾಗಿದ್ದಳು. ಶಾಲೆಯಲ್ಲಿ ತೆಲುಗು, ಬೀದಿಯಲ್ಲಿ ತೆಲುಗು, ಮನೆಯಲ್ಲೂ ನಾನು ಅರ್ಧ ವಾಕ್ಯ ಕನ್ನಡದಲ್ಲಿ ಶುರುಮಾಡಿ ಉಳಿದರ್ಧ ತೆಲುಗಿನಲ್ಲಿ ಮುಗಿಸುತ್ತಿದ್ದೆ. ಆಯಿ ಮಾತ್ರ ನಾನು ಕನ್ನಡದಲ್ಲಿ ಮುಗಿಸುವವರೆಗೂ ಕಾಯುತ್ತಿದ್ದಳು. ತಲೆಗೆ ಎಣ್ಣೆ ತಿಕ್ಕುತ್ತ, ಅವಸರವೇ ಇಲ್ಲದೆ ನನ್ನ ಶಾಲೆಯ ಜಗಳಗಳನ್ನೆಲ್ಲ ಕೇಳುತ್ತಿದ್ದಳು. ಮನೆಯಲ್ಲಿ ನನ್ನ ಮಾತಿಗೆ ಕಿವಿಗೊಟ್ಟ ಮೊದಲ ಜೀವ ಅವಳು. ಆದ್ದರಿಂದ ಶಾಲೆಯಿಂದ ಬಂದವಳೇ ನಾನು ಮೊದಲು ಬಗ್ಗಿ ಮಂಚದ ಕೆಳಗೆ ಟ್ರಂಕು ಇದೆಯೇ ಎಂದು ನೋಡುತ್ತಿದ್ದೆ.

ಅವಳ ಕಷ್ಟ ಕೆಲಸವಿಲ್ಲದಿರುವುದು. ಕಣ್ಣಿಗೆ ಪೊರೆ ಬಂದಿತ್ತು. ಆದರೂ ಅಕ್ಕಿ ಆರಿಸಲು ಅವಳೇ ಬೇಕು, ಬೆರಳಲ್ಲೇ ಕಲ್ಲು ಹಿಡಿಯುತ್ತಿದ್ದಳು. ಅದು ಬಿಟ್ಟರೆ ಅವ್ವ ಏನೂ ಮಾಡಗೊಡುತ್ತಿರಲಿಲ್ಲ, ಪ್ರೀತಿಯಿಂದಲೇ. ಪಕ್ಕದ ಮನೆಯ ಸತ್ಯವತಿ ಆಂಟಿ ಬಂದು ತೆಲುಗಿನಲ್ಲಿ ಹರಟಿದರೆ ಆಯಿ ನಗುತ್ತ ತಲೆಯಾಡಿಸಿ, ಅವರು ಹೋದ ಮೇಲೆ "ಏನಂದಳ?" ಎಂದು ಕೇಳುತ್ತಿದ್ದಳು. ಆಮೇಲೆ ತನ್ನಷ್ಟಕ್ಕೆ ಎಂಬಂತೆ ಅದೇ ಮಾತು.

"ಕೆಲಸಿಲ್ಲ ಕಾರ್ಯಿಲ್ಲ, ನಾ ಯಾಕ ಇಲ್ಲಿ ಇರ್ಲಿ. ದಸರಾ ಮುಗೀಲಿ, ಹೋಗ್ತೀನಿ."

ಎಲ್ಲಿಗೆ ಎಂದು ನಾವು ಕೇಳುತ್ತಿರಲಿಲ್ಲ. ನಮ್ಮ ಭಯ ಬೇರೆಯಿತ್ತು. ಅಪ್ಪ ಸಿಟ್ಟಿನ ಮನುಷ್ಯ. ಬ್ಯಾಂಕಿನಲ್ಲಿ ಎಲ್ಲರನ್ನೂ 'ಅಂಡಿ ಅಂಡಿ' ಎಂದು ತೆಲುಗಿನ ಮರ್ಯಾದೆಯಲ್ಲಿ ಮಾತಾಡಿಸುವವರು ಮನೆಗೆ ಬಂದರೆ, ಅದರಲ್ಲೂ ಕಾರಿನ ವಿಷಯಕ್ಕೆ, ಸಾಸಿವೆ ಸಿಡಿದ ಹಾಗೆ ಸಿಡಿಯುತ್ತಿದ್ದರು. ಅವ್ವನ ಕಡೆಯ ನೆಂಟರೊಬ್ಬರು ತಮಾಷೆಗೆಂದು ಬಾನೆಟ್ಟಿನ ಧೂಳಿನ ಮೇಲೆ ಬೆರಳಿನಿಂದ ತಮ್ಮ ಹೆಸರು ಬರೆದಾಗ ಅಪ್ಪ ಕೂಗಿದ ಕೂಗಿಗೆ ಅವರು ಊಟಕ್ಕೂ ನಿಲ್ಲದೆ ಹೊರಟುಹೋದರು, ಮತ್ತೆ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ಒಂದು ಮಾತಿಗೆ ಮನೆ ಬಿಡುವ ತಾಯಿ, ಒಂದು ಮಾತನ್ನೂ ತಡೆಹಿಡಿಯಲಾರದ ಮಗ. ಅವ್ವ ಇವರಿಬ್ಬರ ನಡುವೆ ಓಡಾಡುವಾಗ ತುಂಬಿದ ಹಾಲಿನ ಪಾತ್ರೆ ಹಿಡಿದವಳ ಹಾಗೆ ಓಡಾಡುತ್ತಿದ್ದಳು.

ದಸರೆ ಬಂತು. ನಮ್ಮ ಕಡೆ ಆಯುಧ ಪೂಜೆಗೆ ಖಂಡೆ ಪೂಜೆ ಎನ್ನುತ್ತಾರೆ. ಗದಗಿನಲ್ಲಿ ಅದರ ಹಿಂದಿನ ದಿನ ಗಿರಣಿ ನಿಲ್ಲಿಸಿ, ಆಯಿ ಸೆರಗು ಕಟ್ಟಿ ನಿಂತು ಅದರ ಕಬ್ಬಿಣವನ್ನೆಲ್ಲ ಹುಣಸೆಹಣ್ಣು, ಬೂದಿ ಹಾಕಿ, ತೆಂಗಿನ ನಾರಿನಿಂದ ತಿಕ್ಕುತ್ತಿದ್ದಳಂತೆ. ಕುಡುಗೋಲು, ಈಳಿಗೆ, ತಕ್ಕಡಿ, ಯಾವುದೂ ಬಿಡುವಂತಿರಲಿಲ್ಲ. ಆಯಿ ತಿಕ್ಕಿದ ಗಿರಣಿ ಹೊಸ ಗಿರಣಿ ಎಂದು ಅಜ್ಜ ಹೇಳುತ್ತಿದ್ದರಂತೆ. ಆ ವರ್ಷ ಪೂಜೆಯ ಹಿಂದಿನ ದಿನ ಅಪ್ಪ ಬ್ಯಾಂಕಿಗೆ ಹೋಗಿದ್ದರು, ನಾನು ಶಾಲೆಗೆ. ಅವ್ವನನ್ನು ಸತ್ಯವತಿ ಆಂಟಿ ತಮ್ಮ ಮನೆಯ ಗೊಂಬೆ ಕೂರಿಸಿದ್ದನ್ನು ನೋಡಲು ಕರೆದೊಯ್ದಿದ್ದರು. ಮನೆಯಲ್ಲಿ ಆಯಿ ಒಬ್ಬಳೇ. ಹಿತ್ತಲಿನಲ್ಲಿ ಸ್ನಾನದ ಹಂಡೆಯ ಒಲೆ, ಒಲೆಯ ತುಂಬ ಬೂದಿ. ಅಡಿಗೆ ಮನೆಯಲ್ಲಿ ಹುಣಸೆಹಣ್ಣು. ಮನೆಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಕಬ್ಬಿಣ ಪೋರ್ಟಿಕೊದಲ್ಲಿ ನಿಂತಿತ್ತು.

ನಾನು ಬಂದಾಗ ಆಯಿ ಬಾನೆಟ್ಟಿಗೆ ಕೊನೆಯ ನೀರು ಹಾಕುತ್ತಿದ್ದಳು. ಕೈ ಸೋತು ಮುಂದಿನ ಭಾಗವನ್ನಷ್ಟೇ ತೊಳೆದಿದ್ದಳು. ಅದು ಹೊಳೆಯುತ್ತಿತ್ತು, ನಿಜವಾಗಿಯೂ. ನೀರು ಇರುವಷ್ಟು ಹೊತ್ತು ಗೀರು ಕಾಣುವುದಿಲ್ಲ. ನೀರು ಗೀರಿನೊಳಗೆ ಇಳಿದು ಎಲ್ಲವನ್ನೂ ಸಮ ಮಾಡಿಬಿಡುತ್ತದೆ. ಇದು ನನಗೆ ಆಗ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಬಂದ ಅಪ್ಪನಿಗೂ ಆ ಮಬ್ಬಿನಲ್ಲಿ ಬೇರೇನೂ ಕಾಣಲಿಲ್ಲ.

"ಯಾರ ತೊಳದ್ರು?"

"ನಾನ ತೊಳದೀನಿ. ಯಾಕ, ನನಗ ಬರೂದಿಲ್ಲೇನು?"

"ಛಲೋ ತೊಳದೀಬೇ ಯವ್ವಾ," ಎಂದು ಅಪ್ಪ ನಕ್ಕರು. ಆಯಿ ಬಂದ ದಿನದಿಂದ ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಪೂಜೆಯ ತಯಾರಿಗೆ ನಾವು ಹೊರಗೆ ಬಂದಾಗ ಬಿಸಿಲು ಓರೆಯಾಗಿ ಪೋರ್ಟಿಕೊದೊಳಗೆ ಬಿದ್ದಿತ್ತು. ಒಣಗಿದ ಬಾನೆಟ್ಟಿನ ತುಂಬ ಗೀರು. ಆಯಿ ಪಾತ್ರೆ ತಿಕ್ಕುವ ಹಾಗೆ ಸುತ್ತು ಸುತ್ತಾಗಿ ತಿಕ್ಕಿದ್ದಳು, ಹಾಗಾಗಿ ಸುತ್ತಿನ ಪಕ್ಕ ಸುತ್ತು, ಮಧ್ಯೆ ಹುಣಸೆ ಹುಳಿಗೆ ಮಂಕಾದ ಮಚ್ಚೆಗಳು. ಮುಖ ಕಾಣುತ್ತಿದ್ದ ನೀಲಿ ಬೂದು ಬಣ್ಣಕ್ಕೆ ತಿರುಗಿತ್ತು. ಅಪ್ಪ ಚರಂಡಿಯ ಬಾಯಲ್ಲಿ ಸಿಕ್ಕಿಕೊಂಡಿದ್ದ ನಾರನ್ನೂ ಬೂದಿಯ ಗೆರೆಯನ್ನೂ ನೋಡಿದರು. ಮತ್ತೆ ಬಾನೆಟ್ಟನ್ನು ನೋಡಿದರು. ಅವರ ಕಿವಿ ಕೆಂಪಾಯಿತು. ಕಿವಿ ಕೆಂಪಾದ ಮೇಲೆ ಅಪ್ಪ ಸುಮ್ಮನಾದದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಅವ್ವ ನನ್ನ ಭುಜ ಹಿಡಿದುಕೊಂಡಳು. ಒಳಗಿನಿಂದ ಆಯಿ ಪೂಜೆಯ ತಟ್ಟೆ ಹಿಡಿದು ಗೋಡೆ ಸವರಿಕೊಂಡು ಬರುತ್ತಿದ್ದಳು. ನನ್ನ ತಲೆಯಲ್ಲಿದ್ದದ್ದು ಟ್ರಂಕು ಮಾತ್ರ. ಅಪ್ಪ ಬಾಯಿ ತೆರೆದರೆ ಟ್ರಂಕು ಹೋಗುತ್ತದೆ, ಆಯಿ ಹೋಗುತ್ತಾಳೆ.

ಅಪ್ಪ ಬಾಯಿ ತೆರೆದರು. ಮತ್ತೆ ಮುಚ್ಚಿದರು. ನಳದ ಬಳಿ ಅವ್ವ ತುಂಬಿಟ್ಟಿದ್ದ ಸಿಹಿನೀರಿನ ಬಕೆಟ್ ಎತ್ತಿಕೊಂಡು ಬಂದು ಬಾನೆಟ್ಟಿನ ಮೇಲೆ ಸುರಿದುಬಿಟ್ಟರು. ಗೀರು ಮಾಯವಾಯಿತು. ನೀಲಿ ಬಣ್ಣ ಎದ್ದು ಬಂತು. ಆಯಿ ಹತ್ತಿರ ಬಂದು ವಿಭೂತಿ ಹಚ್ಚಲು ಕೈ ಇಟ್ಟಳು.

"ಒದ್ದಿ ಐತಲ್ಲೋ. ಹಸೀ ಮ್ಯಾಲ ವಿಭೂತಿ ಹ್ಯಾಂಗ ನಿಲ್ಲತೈತಿ?"

"ಈ ಊರಾಗ ಹಂಗ ಮಾಡ್ತಾರಬೇ. ಮೊದಲ ನೀರ ಹಾಕಿ ಪೂಜಿ ಮಾಡೂದು."

ಆಯಿ ಒಂದು ಗಳಿಗೆ ಕೈ ಹಾಗೆಯೇ ಹಿಡಿದು ನಿಂತಳು. ಆಮೇಲೆ "ಹೌದ? ಹಂಗಾರ ಹಂಗ ಮಾಡೂಣು," ಎಂದು ವಿಭೂತಿ ಎಳೆದಳು. ಅದು ನೀರಿನೊಡನೆ ಇಳಿಯಿತು. ಕುಂಕುಮವೂ ಇಳಿದು ಬಂಪರಿನಿಂದ ತೊಟ್ಟಿಕ್ಕಿತು. ನಾವು ಮೂವರೂ ಗಂಭೀರವಾಗಿ ಆರತಿ ತೆಗೆದುಕೊಂಡೆವು. ಸಂಜೆ ನಾನು ಬಗ್ಗಿ ನೋಡಿದರೆ ಮಂಚದ ಕೆಳಗೆ ಟ್ರಂಕು ಇತ್ತು, ಆದರೆ ಬೀಗ ಇರಲಿಲ್ಲ. ಸೀರೆಗಳೆಲ್ಲ ಕಪಾಟಿನ ಖಾನೆಗೆ ಬಂದಿದ್ದವು. ಟ್ರಂಕಿನ ತಳದಲ್ಲಿ ಮಡಿಸಿಟ್ಟಿದ್ದ ಅಜ್ಜನ ಹಳೆಯ ಧೋತರಗಳನ್ನು ಆಯಿ ಅಪ್ಪನ ಕೈಗೆ ಕೊಟ್ಟು, "ಭಾಳ ಮೆತ್ತಗ ಅದಾವ, ಕಾರಿಗೆ ಇಟಗೊ," ಎಂದಳು. ನಮಗಾರಿಗೂ ಅರ್ಥವಾಗಲಿಲ್ಲ. ಅಪ್ಪ ಹೊಗಳಿದ್ದಕ್ಕೆ ಖುಷಿಯಾಗಿರಬೇಕು ಎಂದು ಅವ್ವ ಹೇಳಿದಳು.

ಅಲ್ಲಿಂದ ಮುಂದೆ ಆಯಿ ಕಾರು ಹತ್ತುವ ದಿನವೆಲ್ಲ ಅಪ್ಪ ಮೊದಲು ಹೊರಗೆ ಹೋಗಿ ಬಾನೆಟ್ಟಿಗೆ ಒಂದು ಬಕೆಟ್ ನೀರು ಹಾಕುತ್ತಿದ್ದರು. ಭೀಮುನಿಪಟ್ಟಣಕ್ಕೆ ಸಮುದ್ರ ನೋಡಲು ಹೋದಾಗ ಅಲ್ಲಿ ಬೆಸ್ತರ ಮನೆಯೊಂದರಲ್ಲಿ ಬಿಂದಿಗೆ ಇಸಿದುಕೊಂಡು ಬಂದು ನೀರು ಹಾಕಿದ ಮೇಲೆಯೇ ಆಯಿಯನ್ನು ಕರೆದರು. ಪಾಲಿಶ್ ಹಾಕಿ ನೋಡಿದರು, ಗೀರು ಆಳವಾಗಿತ್ತು. ಹೊಸ ಬಣ್ಣ ಹೊಡೆಸುವಂತಿರಲಿಲ್ಲ. ಚೆನ್ನಾಗಿರುವ ಕಾರಿಗೆ ಯಾಕೆ ಬಣ್ಣ ಎಂದು ಆಯಿ ಕೇಳಿದರೆ ಏನು ಹೇಳುವುದು? ಇದೆಲ್ಲವನ್ನೂ ನೋಡುತ್ತಿದ್ದ ಸತ್ಯವತಿ ಆಂಟಿ ಒಂದು ದಿನ ತಡೆಯಲಾರದೆ ಅವ್ವನನ್ನು ಕೇಳಿಯೇಬಿಟ್ಟರು.

"ಮೀ ಕನ್ನಡವಾಳ್ಳು ಕಾರೆಕ್ಕೇ ಮುಂದು ದಾನಿಕಿ ಸ್ನಾನಂ ಚೇಯಿಸ್ತಾರಾ ಅಂಡಿ?"

ನೀವು ಕನ್ನಡದವರು ಕಾರು ಹತ್ತುವ ಮುಂಚೆ ಅದಕ್ಕೆ ಸ್ನಾನ ಮಾಡಿಸುತ್ತೀರಾ ಎಂದು. ಹೌದು, ನಮ್ಮ ಕಡೆಯ ಪದ್ಧತಿ ಎಂದಳು ಅವ್ವ. ಆಯಿಗೆ ಅದು ಆಂಧ್ರದ ಪದ್ಧತಿ, ಆಂಟಿಗೆ ಕರ್ನಾಟಕದ ಪದ್ಧತಿ. ಆ ದಿನಗಳಲ್ಲಿ ಅವ್ವ ನೀರಿನ ಜಗಳವನ್ನೂ ಬಿಟ್ಟುಬಿಟ್ಟಳು. ಆಯಿ ಹೊರಡುತ್ತಾಳೆಂದರೆ ನಳದ ನೀರಿನ ಬಕೆಟ್ಟನ್ನು ಅವಳೇ ತಂದಿಡುತ್ತಿದ್ದಳು.

ಕೆಲವು ವರ್ಷಗಳ ಮೇಲೆ ಅಪ್ಪನಿಗೆ ವಿಜಯವಾಡಕ್ಕೆ ವರ್ಗವಾಯಿತು. ಕಾರೂ ಬಂತು, ಆಯಿಯ ಟ್ರಂಕಿನಲ್ಲಿ ಈ ಸಲ ನನ್ನ ಹಳೆಯ ಪುಸ್ತಕಗಳಿದ್ದವು. ಅಲ್ಲಿ ಮನೆಯ ಹತ್ತಿರವೇ ಕಾಲುವೆ, ನೀರಿಗೆ ಬರವಿಲ್ಲ. ಆದರೆ ಅಲ್ಲಿಯ ಬಿಸಿಲಿಗೆ ನೀರು ನಿಲ್ಲುತ್ತಿರಲಿಲ್ಲ. ಅಪ್ಪ ನೀರು ಹಾಕಿ ಒಳಗೆ ಬಂದು ಆಯಿಯ ಕೈ ಹಿಡಿದು ಹೊರಗೆ ಕರೆತರುವುದರೊಳಗೆ ಬಾನೆಟ್ಟು ಅರ್ಧ ಆರಿರುತ್ತಿತ್ತು. ಕಾದ ಕಾರಿಗೆ ನೀರು ಹಾಕಲೇಬಾರದು ಎಂದು ನನಗೆ ಕಲಿಸಿದವರೇ ನಡು ಮಧ್ಯಾಹ್ನ ಬಕೆಟ್ ಸುರಿಯುತ್ತಿದ್ದರು. ಗೀರಿನ ಮೇಲೆ ಈಗ ನೀರಿನ ಕಲೆಗಳೂ ಸೇರಿಕೊಂಡವು. ಅವರ ಸಿಟ್ಟು ಮಾತ್ರ ಎಲ್ಲಿ ಹೋಯಿತೋ. ಬೇರೆ ವಿಷಯಗಳಿಗೂ ಅವರು ಬಾಯಿ ತೆರೆದು, ಒಂದು ಕ್ಷಣ ನಿಂತು, ಮುಚ್ಚುವುದನ್ನು ನಾನು ಆಗಾಗ ನೋಡುತ್ತಿದ್ದೆ.

ಅಲ್ಲಿಯೇ ಆಯಿಯ ಕಣ್ಣಿನ ಆಪರೇಶನ್ ಆಯಿತು. ಕಣ್ಣಿನ ಪಟ್ಟಿ ಬಿಚ್ಚುವ ದಿನ ಅಪ್ಪನಿಗೆ ಸಮಾಧಾನವೇ ಇಲ್ಲ. ಆಯಿಗೆ ಇನ್ನು ಎಲ್ಲವೂ ಕಾಣುತ್ತದೆ. ಆಸ್ಪತ್ರೆಯ ಕಾವಲುಗಾರನನ್ನು ಕೇಳಿ ನೀರು ತಂದು ಕಾರಿನ ಮೇಲೆ ಹಾಕಿದರು, ಖಾಲಿ ಬಕೆಟ್ ಹಿಡಿದೇ ಒಳಗೆ ಓಡಿ ಬಂದರು, ಬೇಗ ಬೇಗ ಎಂದು ನಮ್ಮನ್ನು ಅವಸರಪಡಿಸಿದರು. ಆಯಿ ಹಸಿರು ಕನ್ನಡಕ ಹಾಕಿಕೊಂಡು, ದಾರಿಯಲ್ಲಿ ಕಂಡ ಗಿಡ, ನಾಯಿ, ನನ್ನ ಮೊಡವೆ ಎಲ್ಲವನ್ನೂ ನಿಂತು ನಿಂತು ನೋಡುತ್ತ ಮೆಟ್ಟಿಲಿಳಿದಳು. ಹೊರಗೆ ಬರುವಷ್ಟರಲ್ಲಿ ಬಾನೆಟ್ಟು ಪೂರ್ತಿ ಒಣಗಿತ್ತು. ಬಿಸಿಲು ನೆತ್ತಿಯ ಮೇಲಿತ್ತು, ಒಂದೊಂದು ಸುತ್ತೂ ಎದ್ದು ಕಾಣುತ್ತಿತ್ತು. ಆಯಿ ಕಾರಿನ ಮುಂದೆ ನಿಂತಳು. ಕನ್ನಡಕ ಸ್ವಲ್ಪ ಮೇಲೆತ್ತಿ ನೋಡಿದಳು.

"ನೀರ ಆರಿ ಹೋತೇನ?"

"ಏನ್ ನೀರಬೇ?" ಎಂದರು ಅಪ್ಪ.

"ನೀ ಹಾಕೂ ನೀರು. ಅಕ್ಕ್ಯಾಗಿನ ಸಣ್ಣ ಕಲ್ಲ ನನ್ನ ಕೈಗೆ ಸಿಗತಾವ, ಇಷ್ಟ ಗೀರ ಸಿಗೂದಿಲ್ಲೇನು? ಪೂಜಿ ಹಿಂದಿನ ದಿನಾ ಸಂಜೀಕೆ ದೀಪಾ ಹಚ್ಚೂಮುಂದ ಬಂದು ಕೈ ಆಡಿಸೀನಿ. ಗಾಜಿನಂಗ ಇದ್ದದ್ದು ಒರಟ ಒರಟ ಹತ್ತಿತು. ಟ್ರಂಕ ತುಂಬಿಟ್ಟ ಪೂಜಿಗೆ ಬಂದಿದ್ನಿ. ನೀ ಒಂದ ಮಾತ ಅಂದ್ರ ಹೋಗೂದು ಅಂತ. ನೀ ನೀರ ತಂದಿ."

ಆಸ್ಪತ್ರೆಯ ಅಂಗಳದಲ್ಲಿ ಅಪ್ಪ ಖಾಲಿ ಬಕೆಟ್ ಹಿಡಿದು ನಿಂತಿದ್ದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಅಳು ಬಂತು. ಅಪ್ಪ ಬಕೆಟ್ ಕೆಳಗಿಟ್ಟು ಕೇಳಿದರು.

"ಮತ್ತ ಇಷ್ಟ ದಿನಾ ಯಾಕ ಹೇಳಲಿಲ್ಲಬೇ?"

"ಹೇಳಿದ್ರ ನೀ ಹಾಕೂದು ಬಿಡತಿದ್ದಿ."

ಮುಂದಿನ ಭಾನುವಾರ ಬೆಟ್ಟದ ಮೇಲಿನ ಗುಡಿಗೆ ಹೊರಟೆವು. ಇನ್ನು ಮುಚ್ಚಿಡುವುದೇನಿದೆ ಎಂದು ಅಪ್ಪ ನೇರವಾಗಿ ಕೀಲಿ ಹಿಡಿದು ಬಂದು ಬಾಗಿಲು ತೆರೆದರು. ಅವ್ವ ಕುಳಿತಳು, ನಾನೂ ಕುಳಿತೆ. ಆಯಿ ಕುಳಿತುಕೊಳ್ಳಲಿಲ್ಲ. ಹೊಸ ಸೀರೆ ಉಟ್ಟು, ಹಸಿರು ಕನ್ನಡಕ ಹಾಕಿಕೊಂಡು, ಒಣ ಬಾನೆಟ್ಟಿನ ಪಕ್ಕದಲ್ಲಿ ನಿಂತೇ ಇದ್ದಳು.

"ನೀರ ಹಾಕಲಿಲ್ಲೇನೋ?"

ಅಪ್ಪ ಕೀಲಿಯನ್ನು ನನ್ನ ಕೈಗೆ ಕೊಟ್ಟು, ಬಕೆಟ್ ತರಲು ಒಳಗೆ ಹೋದರು.